ಬೆಸ ಸಾಲು, ಸಮ ಸಾಲು

ಜೂನ್ 4

ಮಗಳೇ,

ನೀನು ಹೊರಟು ನಾಲ್ಕು ದಿನವಾಯಿತು. ಪ್ರಾಣಿಮನೆ ತೊಳೆಸಿ, ಆಪರೇಷನ್ ಕೋಣೆಗೆ ಬೀಗ ಹಾಕಿ, ಈಗ ಕೂತು ಲೆಕ್ಕ ಹಾಕುತ್ತಿದ್ದೇನೆ. ನಿನ್ನ ಪ್ರಯೋಗಕ್ಕೆ ಇಲ್ಲಿಯವರೆಗೆ ಆದ ಖರ್ಚು ಹೀಗಿದೆ.

ನಾಯಿಗಳು ಇಪ್ಪತ್ತನಾಲ್ಕು, ಅದರಲ್ಲಿ ಹೋದವು ನಾಲ್ಕು. ಕತ್ತರಿಸಿದ ಅನ್ನನಾಳವನ್ನು ಒಂದೇ ಪದರದಲ್ಲಿ ಹೊಲಿದ ಹನ್ನೆರಡು ನಾಯಿಗಳಿಗೆ ತಲಾ ಹದಿನಾಲ್ಕರಂತೆ ನೂರ ಅರವತ್ತೆಂಟು ಹೊಲಿಗೆ. ಒಳಗೊಂದು ಹೊರಗೊಂದು ಅಂತ ಎರಡು ಪದರ ಹೊಲಿದ ಹನ್ನೆರಡಕ್ಕೆ ತಲಾ ಮೂವತ್ತರಂತೆ ಮುನ್ನೂರ ಅರವತ್ತು. ದಿನಗಳು ಎಂಬತ್ತನಾಲ್ಕು. ನನ್ನ ಎಡಗೈ ಹೆಬ್ಬೆರಳಿನ ಉಗುರು ಒಂದು. ಒಂಬತ್ತನೇ ನಂಬರಿನವನು ಕಚ್ಚಿದ್ದು, ಮತ್ತೆ ಬರುತ್ತದಂತೆ. ಬೋನು ತೊಳೆಯುವ ನೀರಕ್ಕನ ಬೈಗುಳ ಲೆಕ್ಕಕ್ಕೆ ಸಿಗಲಿಲ್ಲ. ನಾಯಿಗಳ ವಿಷಯ ಬಿಟ್ಟು ಅಪ್ಪ ಮಗಳು ಆಡಿದ ಮಾತು: ಎರಡು. ಛತ್ರಿ ಎಲ್ಲಿಟ್ಟೆ ಅಂತ ನೀನು ಕೇಳಿದ್ದು ಒಂದು. ಗೊತ್ತಿಲ್ಲ ಅಂತ ನಾನು ಹೇಳಿದ್ದು ಇನ್ನೊಂದು.

ಬೋನುಗಳು ನೀನು ಬಿಟ್ಟುಹೋದ ಹಾಗೇ ಇವೆ. ಒಂದು ಪದರದವು ಬೆಸ ನಂಬರು, ನನ್ನ ಮೇಜಿನ ಎದುರಿನ ಸಾಲು. ಎರಡು ಪದರದವು ಸಮ ನಂಬರು, ಗೋಡೆಯಾಚೆ, ನೀರಕ್ಕನ ಸುಪರ್ದಿ. ಹೀಗೆ ಬೇರೆ ಬೇರೆ ಇಟ್ಟರೆ ಚೀಟಿ ಅದಲುಬದಲಾಗುವುದಿಲ್ಲ ಅಂತ ಹೇಳಿದವನು ನಾನು. "ಅಪ್ಪಾ, ನಂಗೆ ಇದು ಹೊಳೀಲೇ ಇಲ್ಲ ನೋಡು" ಅಂದೆ ನೀನು. ನೀರಕ್ಕನ ಕೆಲಸಕ್ಕೇ ಸೇರಿ, ಬೋನಿನ ಚೀಟಿ ಓದಿಯೇ ಅಕ್ಷರ ಕಲಿತು, ಮೇಲ್ವಿಚಾರಕನ ಕುರ್ಚಿಗೆ ಬಂದವನು ನಾನು. ಆ ಮಾತನ್ನು ಇನ್ನೊಂದು ಸಲ ಹೇಳಿಸಿಕೊಳ್ಳೋಣ ಅನಿಸಿತ್ತು. ಕೇಳಲಿಲ್ಲ.

ಉಳಿದ ಇಪ್ಪತ್ತು ನಾಯಿಗಳ ತೂಕ, ಕೆಮ್ಮು, ನುಂಗುವ ರೀತಿ, ಎಲ್ಲವನ್ನೂ ವಾರವಾರವೂ ಬರೆದು, ತಾರೀಕು ಹಾಕಿ, ಸಹಿ ಮಾಡಿ ನಿನಗೆ ಕಳಿಸಬೇಕು ಅಂತ ನಿನ್ನ ದೊಡ್ಡ ಡಾಕ್ಟರ ಕಟ್ಟಪ್ಪಣೆ. ಬಾಯಿಮಾತು ನಡೆಯುವುದಿಲ್ಲವಂತೆ. ಗೊತ್ತಿಲ್ಲದೆ ನನಗೆ ಉಪಕಾರ ಮಾಡಿದ್ದಾರೆ ಮಹಾನುಭಾವರು. ಎಂಟು ವರ್ಷದಲ್ಲಿ ನೀನು ನನಗೆ ಬರೆದದ್ದು ನಾಲ್ಕು ಕಾರ್ಡು, ನಾಲ್ಕೂ ವಿಳಾಸ ಬದಲಾಯಿತು ಅಂತ ತಿಳಿಸಲಿಕ್ಕೆ.

ಹೊಸ ಆಸ್ಪತ್ರೆಯಲ್ಲಿ ರೂಮು ಹೇಗಿದೆ?

ಪಟ್ಟಿ ಲಗತ್ತಿಸಿದೆ. ತಾರೀಕು ಹಾಕಿದೆ. ಸಹಿಯೂ ಇದೆ.

ಅಪ್ಪ


ಜೂನ್ 15

ಅಪ್ಪಾ,

ಪಟ್ಟಿ ತಲುಪಿತು. ಮೂರು ತಿದ್ದುಪಡಿ. ತೂಕವನ್ನು "ಸುಮಾರು" ಅಂತ ಬರೆಯಬೇಡ, ಗ್ರಾಂ ಲೆಕ್ಕದಲ್ಲಿ ಬರೆ. ಹದಿನಾರನೆಯದು "ಬೇಜಾರಲ್ಲಿದೆ" ಅಂದರೆ ದೊಡ್ಡ ಡಾಕ್ಟರಿಗೆ ಅರ್ಥವಾಗುವುದಿಲ್ಲ. ಒಂದು ತುತ್ತು ನುಂಗಲು ಎಷ್ಟು ಸಲ ನಿಲ್ಲುತ್ತದೆ ಎಣಿಸು. ನೀರಕ್ಕನ ಮೊಣಕಾಲು ನೋವು ಪಟ್ಟಿಯಲ್ಲಿ ಬೇಡ.

ರೂಮು ಮೂರನೇ ಮಹಡಿಯಲ್ಲಿದೆ. ಕಿಟಕಿಯಿಂದ ಆಸ್ಪತ್ರೆಯ ಬಟ್ಟೆ ಒಗೆಯುವ ಅಂಗಳ ಕಾಣುತ್ತದೆ. ದಿನವೂ ಇನ್ನೂರೋ ಮುನ್ನೂರೋ ಬಿಳಿ ಹೊದಿಕೆ ಒಣಹಾಕುತ್ತಾರೆ. ಗಾಳಿ ಬಂದರೆ ಎಲ್ಲ ಒಟ್ಟಿಗೆ ಏಳುತ್ತವೆ. ಕುರ್ಚಿ ಒಂದೇ ಇದೆ, ಸಾಕು.

ಹನ್ನೊಂದನೆಯದು ನುಂಗುವಾಗ ತಲೆ ಬಲಕ್ಕೆ ವಾಲಿಸುತ್ತಿತ್ತಲ್ಲ, ಈಗಲೂ ಹಾಗೇನಾ? ಇದು ಪಟ್ಟಿಗಲ್ಲ. ಸುಮ್ಮನೆ ಕೇಳಿದೆ.

ಇಂತಿ,
ಮಗಳು


ಜುಲೈ 12

ಮಗಳೇ,

ಎಲ್ಲವೂ ಗ್ರಾಂನಲ್ಲೇ ಇದೆ. "ಸುಮಾರು" ಎಂಬ ಪದವನ್ನು ಪ್ರಾಣಿಮನೆಯಿಂದ ಓಡಿಸಿದ್ದೇನೆ. ನೀರಕ್ಕ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಂದೆ ಅಂದರೂ ಈಗ ನಿಮಿಷದ ಲೆಕ್ಕ ಒಪ್ಪಿಸಬೇಕು.

ಹನ್ನೊಂದನೆಯದು ಈಗಲೂ ತಲೆ ವಾಲಿಸುತ್ತದೆ. ಚಿಕ್ಕವಳಿದ್ದಾಗ ನೀನು ಮಾತ್ರೆ ನುಂಗುತ್ತಿದ್ದೆಯಲ್ಲ, ಥೇಟ್ ಹಾಗೆ. ಇದೂ ಪಟ್ಟಿಗಲ್ಲ.

ಮೊನ್ನೆ ಉಳಿದವುಗಳಲ್ಲಿ ಮೊದಲ ಆರು ನಾಯಿಗಳಿಗೆ ಎಕ್ಸ್‌ರೇ ಆಯಿತು. ಆ ಸುಣ್ಣದ ನೀರಿನಂಥ ಬಿಳಿ ಔಷಧ ಕುಡಿಸಿ, ಅದು ಗಂಟಲಲ್ಲಿ ಇಳಿಯುವಾಗ ಚಿತ್ರ ಹಿಡಿಯುವುದು. ಬೆಸ ನಂಬರಿನ ಮೂರರಲ್ಲೂ ಸಲೀಸಾಗಿ ಇಳಿಯಿತು. ಸಮ ನಂಬರಿನ ಎರಡರಲ್ಲಿ ಹೊಲಿಗೆ ಹಾಕಿದ ಜಾಗ ಉಂಗುರ ತೊಡಿಸಿದ ಹಾಗೆ ಬಿಗಿದಿದೆ. ಎಕ್ಸ್‌ರೇಯವನು, "ಸಾಹೇಬರ ಸಾಲು ಪಾಸು, ನೀರಕ್ಕನ ಸಾಲು ಫೇಲು" ಅಂದ. ನೀರಕ್ಕ ಪೈಪನ್ನು ಅವನ ಕಾಲಿನ ಕಡೆ ತಿರುಗಿಸಿದಳು. ಅವನ ಬೂಟು ಇನ್ನೂ ಬಿಸಿಲಿನಲ್ಲಿದೆ.

ಈ ಕಾಗದ ಬರೆಯುವುದನ್ನು ನೋಡಿ ಅವಳು ಬಿಡುವುದಿಲ್ಲ.

"ಏನ್ ಬರೀತೀರಿ ಅಷ್ಟೊಂದು? ನಾಯಿ ತಿಂತು, ನಾಯಿ ಮಲಗ್ತು. ಮುಗೀತಲ್ಲ."

"ಮಗಳಿಗೆ ಕಣಮ್ಮ."

"ಹಾಗಾದ್ರೆ ಮಗಳಿಗೇ ಬರೀರಿ. ಮಧ್ಯೆ ನಾಯೀನ ಯಾಕೆ ಎಳೀತೀರಿ ಪಾಪ?"

ಪಕ್ಕದ ಬೋನಿನ ನೀರಿನ ಬಟ್ಟಲು ಕೊಳಕಾಗಿದೆ ಅಂತ ಬೈದೆ.

ಇಲ್ಲಿದ್ದಾಗ ಮಧ್ಯಾಹ್ನ ನೀನು ಲೈಬ್ರರಿಗೆ ಹೋಗುತ್ತಿದ್ದೆ, ನಾನು ಒಬ್ಬನೇ ಡಬ್ಬಿ ಬಿಚ್ಚುತ್ತಿದ್ದೆ. ಈಗಲೂ ಒಬ್ಬನೇ ಬಿಚ್ಚುತ್ತೇನೆ. ಲೆಕ್ಕದಲ್ಲಿ ಏನೂ ವ್ಯತ್ಯಾಸವಿಲ್ಲ. ಆದರೂ ಎರಡು ಗಂಟೆಯಾದರೆ ಬಾಗಿಲ ಕಡೆ ನೋಡುತ್ತೇನೆ. ಆಗ ನೀನು ಬರುತ್ತಿದ್ದ ಹೊತ್ತು.

ಹನ್ನೊಂದು ಬೆಸ, ಒಂಬತ್ತು ಸಮ, ಇವರೆಲ್ಲರ ಪರವಾಗಿ,
ಅಪ್ಪ


ಆಗಸ್ಟ್ 28

ಅಪ್ಪಾ,

ಕೊನೆಯ ಎಕ್ಸ್‌ರೇಗಳು ನಿನ್ನೆ ಬಂದವು. ಒಟ್ಟು ಲೆಕ್ಕ ನಿನಗೂ ತಿಳಿಯಲಿ.

ಹೊಲಿಗೆ ಸೋರಿ ಸತ್ತದ್ದು: ಒಂದು ಪದರದ ಹನ್ನೆರಡರಲ್ಲಿ ಒಂದು, ಎರಡು ಪದರದ ಹನ್ನೆರಡರಲ್ಲಿ ಮೂರು. ಉಳಿದವುಗಳಲ್ಲಿ ಅನ್ನನಾಳ ಕಿರಿದಾದದ್ದು: ಒಂದು ಪದರದ ಹನ್ನೊಂದರಲ್ಲಿ ಎರಡು, ಎರಡು ಪದರದ ಒಂಬತ್ತರಲ್ಲಿ ಆರು.

ದೊಡ್ಡ ಡಾಕ್ಟರು ಹಾಳೆಯನ್ನು ಎರಡು ಸಲ ನೋಡಿ ಕನ್ನಡಕ ತೆಗೆದಿಟ್ಟರು. ಅವರು ಕನ್ನಡಕ ತೆಗೆದದ್ದನ್ನು ಈ ಮೊದಲು ಇಲ್ಲಿ ಯಾರೂ ನೋಡಿಲ್ಲ. ನವೆಂಬರಿನ ವೈದ್ಯರ ಸಮ್ಮೇಳನದಲ್ಲಿ ಇದನ್ನು ನಾನೇ ಓದಬೇಕಂತೆ. ಅದಕ್ಕೂ ಮುಂಚೆ, ಅಕ್ಟೋಬರ್ ಹತ್ತಕ್ಕೆ, ಮೊದಲ ರೋಗಿಗೆ ಒಂದೇ ಪದರದ ಹೊಲಿಗೆ ಹಾಕುತ್ತಾರೆ. ಒಬ್ಬರು ಶಾಲೆಯ ಟೀಚರು. ನಲವತ್ತೊಂದು ವರ್ಷ, ಅನ್ನನಾಳದಲ್ಲಿ ಗಡ್ಡೆ.

ಅಮ್ಮನಿಗೂ ಆಗ ನಲವತ್ತೊಂದು.

ಅಮ್ಮನಿಗೆ ಹಾಕಿದ್ದು ಎರಡು ಪದರ, ಅಪ್ಪಾ. ಅವತ್ತೇ ಕೇಸಿನ ಹಾಳೆಯಲ್ಲಿ ಓದಿದ್ದೆ. ಎಂಟು ವರ್ಷ ಅದನ್ನೇ ತಲೆಯಲ್ಲಿಟ್ಟುಕೊಂಡು ಓಡಾಡಿದೆ. ಈ ಪ್ರಯೋಗವನ್ನೇ ಯಾಕೆ ಹಿಡಿದೆ ಅಂತ ನೀನು ಯಾವತ್ತೂ ಕೇಳಲಿಲ್ಲ. ಈಗ ಗೊತ್ತಾಯಿತು. ತಪ್ಪು ಹೊಲಿಗೆಯದು. ಬೇರೆ ಯಾರದೂ ಅಲ್ಲ.

ನಿನ್ನೆ ಚೆನ್ನಾಗಿ ನಿದ್ದೆ ಬಂತು.

ಮಗಳು


ಸೆಪ್ಟೆಂಬರ್ 5

ಮಗಳೇ,

ನಿನ್ನ ಕಾಗದ ಬಂತು. ಚೆನ್ನಾಗಿ ನಿದ್ದೆ ಬಂತು ಅಂತ ಬರೆದಿದ್ದೀಯ. ಸಂತೋಷ.

ತೂಕ: ಒಂದನೆಯದು ಹದಿನಾಲ್ಕು ಸಾವಿರದ ಇನ್ನೂರು ಗ್ರಾಂ. ಎರಡನೆಯದು ಒಂಬತ್ತು ಸಾವಿರದ ಆರುನೂರು. ಉಳಿದದ್ದು ಪಟ್ಟಿಯಲ್ಲಿದೆ.

ಇನ್ನೊಂದು ವಿಷಯ ಬರೆಯಬೇಕಿತ್ತು. ಹಾಳೆ ಮುಗಿಯಿತು.

ಅಪ್ಪ


ಸೆಪ್ಟೆಂಬರ್ 13

ಅಪ್ಪಾ,

ಹಾಳೆಯ ಹಿಂಬದಿ ಪೂರ್ತಿ ಖಾಲಿ ಇತ್ತು. ಮುಂಬದಿಯಲ್ಲೂ ಅರ್ಧ ಖಾಲಿ ಇತ್ತು.

ಏನು ವಿಷಯ? ಮೈ ಸರಿ ಇಲ್ಲವಾ? ಅಮ್ಮನ ಮಾತು ತೆಗೆದದ್ದು ಬೇಜಾರಾಯಿತಾ? ನಾಯಿಗಳಿಗೆ ಏನಾದರೂ ಆಯಿತಾ? ಏನಿದ್ದರೂ ಅಕ್ಟೋಬರ್ ಹತ್ತರೊಳಗೆ ನನಗೆ ಗೊತ್ತಾಗಬೇಕು. ಟೀಚರಮ್ಮನ ಹತ್ತಿರ ದಿನವೂ ಕೂರುತ್ತೇನೆ. ನೀರು ಮಾತ್ರ ಇಳಿಯುತ್ತದೆ ಅವರಿಗೆ. ಆದರೂ, "ಡಾಕ್ಟ್ರೇ, ನೀವು ಊಟ ಮಾಡಿದ್ರಾ?" ಅಂತ ನನ್ನನ್ನೇ ಕೇಳುತ್ತಾರೆ.

ಬೇಗ ಬರೆ.

ಮಗಳು


ಸೆಪ್ಟೆಂಬರ್ 20

ಮಗಳೇ,

ನಿಂತುಕೊಂಡೇ ಬರೆಯುತ್ತಿದ್ದೇನೆ. ಕೂತರೆ ಮತ್ತೆ ತೂಕದ ಪಟ್ಟಿ ಶುರುಮಾಡಿಬಿಡುತ್ತೇನೆ.

ಆಪರೇಷನ್ ಆದ ಮೇಲೆ ಐದು ದಿನ ಬಾಯಿಗೆ ಏನೂ ಕೊಡಬಾರದು, ಡ್ರಿಪ್ ಮಾತ್ರ, ಅಂತ ನಿನ್ನ ನಿಯಮ. ಹೊಲಿಗೆ ಕೂಡುವವರೆಗೆ ಒಂದು ಚೂರೂ ಇಳಿಯಬಾರದು. ಹಾಗಂತ ಪ್ರತಿ ಬೋನಿಗೂ ಕೆಂಪು ಚೀಟಿ ಅಂಟಿಸಿತ್ತು. ಆ ಚೀಟಿ ಬರೆದವನೂ ನಾನೇ.

ಬೆಸ ಸಾಲಿನ ನಾಯಿಗಳಿಗೆ ಎರಡನೇ ದಿನದಿಂದ ನಾನು ಬ್ರೆಡ್ಡು ಕೊಟ್ಟೆ. ಹಾಲಿನಲ್ಲಿ ನೆನೆಸಿ, ಹಿಸುಕಿ, ಬೆರಳ ತುದಿಯಲ್ಲಿ. ನೀನು ಲೈಬ್ರರಿಗೆ ಹೋದ ಹೊತ್ತಿನಲ್ಲಿ. ಹನ್ನೆರಡಕ್ಕೂ ಕೊಟ್ಟೆ. ಐದನೆಯದು ಸೋರಿ ಸತ್ತಾಗ ನನ್ನ ಬ್ರೆಡ್ಡಿನಿಂದಲೇ ಸತ್ತಿತು ಅಂದುಕೊಂಡು, ಇನ್ನು ಮುಂದೆ ಕೊಟ್ಟರೆ ಕೇಳು ಅಂತ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಏಳನೆಯದು ಬಂತು. ನಾನು ಡಬ್ಬಿ ಬಿಚ್ಚಿದೆ. ಅದು ನೋಡಿತು.

ಸಮ ಸಾಲಿಗೆ ಕೊಡಲಿಲ್ಲ. ಅವು ಗೋಡೆಯಾಚೆ. ನಾನು ಉಣ್ಣುವುದನ್ನು ಅವು ನೋಡುವುದಿಲ್ಲ, ಅವು ನೋಡುವುದನ್ನು ನಾನು ನೋಡುವುದಿಲ್ಲ. ಮೇಲಾಗಿ ನೀರಕ್ಕ ಕೆಂಪು ಚೀಟಿಯೆಂದರೆ ಪೊಲೀಸ್ ಎಂದೇ ತಿಳಿದವಳು.

ಹೀಗಾಗಿ ಒಂದು ಪದರದವು ಅಷ್ಟೂ ಬ್ರೆಡ್ಡು ತಿಂದವು. ಎರಡು ಪದರದವು ಒಂದೂ ತಿನ್ನಲಿಲ್ಲ. ಗೆದ್ದದ್ದು ಹೊಲಿಗೆಯೋ ಬ್ರೆಡ್ಡೋ ನನಗೆ ಗೊತ್ತಿಲ್ಲ, ಇನ್ನು ನಿನಗೂ ಗೊತ್ತಿಲ್ಲ. ನಾಯಿಗಳನ್ನು ಕಲಸಿ ಇಟ್ಟಿದ್ದರೆ ನನ್ನ ಕಳ್ಳತನ ಎರಡೂ ಕಡೆಗೆ ಹಂಚಿಹೋಗಿ ಯಾವ ಅನಾಹುತವೂ ಆಗುತ್ತಿರಲಿಲ್ಲ. ಅಚ್ಚುಕಟ್ಟಾಗಿರಲಿ ಅಂತ ಬೇರೆ ಮಾಡಿಸಿದವನೂ ನಾನೇ.

ಆಗಸ್ಟ್ ಇಪ್ಪತ್ತೆಂಟರ ನಿನ್ನ ಕಾಗದ ಓದಿದ ಮೇಲೆ ಹೇಳದೇ ಇದ್ದುಬಿಡೋಣ ಅನಿಸಿತ್ತು. ನಿನಗೆ ನಿದ್ದೆ ಬಂದಿತ್ತು. ನಾನೇ ಯಾಕೆ ಕೆಡಿಸಲಿ? ಆದರೆ ಟೀಚರು ಇದ್ದಾರೆ. ಅವರಾದ ಮೇಲೆ ಇನ್ನೊಬ್ಬರು, ಮತ್ತೊಬ್ಬರು.

ಸಹಿ ಮಾಡಿದ್ದೇನೆ, ತಾರೀಕು ಮೇಲಿದೆ.

ಅಪ್ಪ


ಸೆಪ್ಟೆಂಬರ್ 27

ಪ್ರಾಣಿಮನೆಯ ಮೇಲ್ವಿಚಾರಕರಿಗೆ,

ಸೆಪ್ಟೆಂಬರ್ 20ರ ನಿಮ್ಮ ಪತ್ರ ತಲುಪಿದೆ. ಕೆಳಗಿನ ಪ್ರಶ್ನೆಗಳಿಗೆ ಸಂಖ್ಯೆವಾರು ಉತ್ತರ ಕಳುಹಿಸತಕ್ಕದ್ದು.

1. ನೀಡಲಾದ ಆಹಾರದ ಪ್ರಮಾಣ, ಪ್ರತಿ ನಾಯಿಗೆ, ಪ್ರತಿ ದಿನಕ್ಕೆ.
2. ಯಾವ ದಿನದಿಂದ ಯಾವ ದಿನದವರೆಗೆ.
3. ಸಮ ಸಂಖ್ಯೆಯ ಯಾವುದೇ ನಾಯಿಗೆ ಯಾರಾದರೂ ಆಹಾರ ನೀಡಿದ್ದುಂಟೆ.
4. ಈ ವಿಷಯ ಬೇರೆ ಯಾರಿಗಾದರೂ ತಿಳಿದಿದೆಯೆ.
5. ನಿಯಮ ತಿಳಿದೂ ಆಹಾರ ನೀಡಲು ಕಾರಣ.

ಸಂಶೋಧಕಿ


ಅಕ್ಟೋಬರ್ 1

ಸಂಶೋಧಕಿಯವರಿಗೆ,

1. ಅರ್ಧ ಹೋಳು ಬ್ರೆಡ್ಡು, ಎರಡು ಚಮಚ ಹಾಲು. ದಿನಕ್ಕೊಮ್ಮೆ. ಗ್ರಾಂ ಗೊತ್ತಿಲ್ಲ. ಆಗ ಇನ್ನೂ "ಸುಮಾರು" ಜಾರಿಯಲ್ಲಿತ್ತು.

2. ಎರಡನೇ ದಿನದಿಂದ ಐದನೇ ದಿನದವರೆಗೆ. ಆಮೇಲೆ ಹೇಗೂ ನಿಮ್ಮ ಗಂಜಿ ಶುರುವಾಗುತ್ತಿತ್ತು.

3. ಇಲ್ಲ. ನೀರಕ್ಕನನ್ನು ಕೇಳಿದೆ. "ನನ್ನ ಮೇಲೇ ಅನುಮಾನ ಪಡ್ತೀರಾ? ಚೀಟಿ ಕೆಂಪಾಗಿದ್ರೆ ನಮ್ಮಮ್ಮ ಕೇಳಿದ್ರೂ ಕೊಡೋಳಲ್ಲ ನಾನು" ಅಂದಳು.

4. ಈಗ ನೀರಕ್ಕನಿಗೆ ತಿಳಿದಿದೆ. ಮೇಲಿನ ಕಾರಣದಿಂದ.

5. ನಿನ್ನ ಅಮ್ಮನಿಗೆ ಆಪರೇಷನ್ ಆದ ಮೂರನೇ ದಿನ ಅವಳು ಐದು ಬೆರಳು ಜೋಡಿಸಿ ಬಾಯಿಯ ಹತ್ತಿರ ತಂದು ತೋರಿಸಿದಳು. ಮಾತಾಡಲು ಆಗುತ್ತಿರಲಿಲ್ಲ. ಇಲ್ಲ ಅಂತ ತಲೆ ಆಡಿಸಿದೆ. ನಾಲ್ಕನೇ ದಿನವೂ ಹಾಗೇ. ಐದನೇ ದಿನ ಲೋಟದಲ್ಲಿ ಹಾಲು ಬ್ರೆಡ್ಡು ಕಲಸಿ, ಮೇಲೆ ಟವೆಲು ಮುಚ್ಚಿಕೊಂಡು ತಂದೆ. ನೀನು ಬಾಗಿಲಲ್ಲಿ ನಿಂತಿದ್ದೆ. "ಅಪ್ಪಾ, ಇದನ್ನ ಕೊಟ್ರೆ ಅಮ್ಮನ್ನ ನೀನೇ ಕೊಂದ ಹಾಗೆ" ಅಂದೆ. ನನ್ನ ಕೈಯಿಂದ ಲೋಟ ಇಸಿದುಕೊಂಡು ಬೇಸಿನ್ನಿಗೆ ಸುರಿದೆ. ಅವಳು ಮಂಚದಿಂದ ನೋಡುತ್ತಿದ್ದಳು. ನಿನ್ನನ್ನಲ್ಲ, ಬೇಸಿನ್ನನ್ನು.

ನೀನು ಡಾಕ್ಟರಿ ಓದುತ್ತಿದ್ದವಳು, ನಾನು ಬೋನು ತೊಳೆಯುತ್ತಿದ್ದವನು. ಪುಸ್ತಕದಲ್ಲಿ ಇದ್ದದ್ದನ್ನು ನೀನು ಹೇಳಿದೆ. ನಾನು ಒಪ್ಪಿದೆ. ಆರನೇ ದಿನ ಹೊಲಿಗೆ ಸೋರಿತು. ಏನೂ ಕೊಡದೆಯೇ ಸೋರಿತು. ಎಂಟನೇ ದಿನ ಅವಳು ಹೋದಳು, ಹಸಿದುಕೊಂಡೇ.

ನಿನ್ನ ಮೇಲೆ ನನಗೆ ಕೋಪವಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಎರಡು ವರ್ಷ ಇತ್ತು. ಆಮೇಲೆ ಕರಗಿತು. ಅಷ್ಟರಲ್ಲಿ ನೀನು ಊರು ಬಿಟ್ಟಿದ್ದೆ; ಕೋಪ ಹೋಯಿತು ಅಂತ ತಿಳಿಸಲು ನೆಪ ಸಿಗಲಿಲ್ಲ. ಅಂಥ ಕಾಗದವನ್ನು ಹೇಗೆ ಶುರುಮಾಡುವುದು?

ಒಂದನೇ ನಂಬರಿನ ನಾಯಿ ಎರಡನೇ ದಿನ ನನ್ನ ಡಬ್ಬಿ ನೋಡಿತು. ಇನ್ನೊಂದು ಸಲ ಇಲ್ಲ ಅಂತ ತಲೆ ಆಡಿಸಲು ನನ್ನಿಂದ ಆಗಲಿಲ್ಲ. ಕಾರಣ ಇಷ್ಟೇ.

ಮೇಲ್ವಿಚಾರಕ


ಅಕ್ಟೋಬರ್ 24

ಮಗಳೇ,

ಮೂರು ವಾರದಿಂದ ನಿನ್ನ ಕಾಗದವಿಲ್ಲ. ನಿಯಮ ನಿಯಮವೇ. ಆದ್ದರಿಂದ ಪಟ್ಟಿ ಕಳಿಸುತ್ತಿದ್ದೇನೆ.

ಆರು ತಿಂಗಳು ತುಂಬಿದ ಎಂಟು ನಾಯಿಗಳನ್ನು ಕಳೆದ ವಾರಗಳಲ್ಲಿ ನಿಮ್ಮ ಕ್ರಮದ ಪ್ರಕಾರ ಶಾಶ್ವತವಾಗಿ ಮಲಗಿಸಿ, ಹೊಲಿಗೆಯ ಭಾಗ ತೆಗೆದು ಸೀಸೆಗೆ ಹಾಕಿದರು. ಸೂಜಿ ಹಾಕುವಾಗ ತಲೆ ಹಿಡಿದುಕೊಂಡದ್ದು ನಾನೇ. ಬೇರೆಯವರಿಗೆ ಬಿಡಲಿಲ್ಲ. ಹನ್ನೊಂದನೆಯದಕ್ಕೆ ಇನ್ನೂ ಟೈಮಿದೆ.

ಟೀಚರು ಹೇಗಿದ್ದಾರೆ? ಹತ್ತನೇ ತಾರೀಕು ಏನಾಯಿತು? ಒಂದು ಸಾಲು ಬರೆದರೆ ಸಾಕು. ಸಂಶೋಧಕಿಯವರೇ ಬರೆದರೂ ಆದೀತು.

ಅಪ್ಪ


ನವೆಂಬರ್ 2

ಅಪ್ಪಾ,

ಹತ್ತನೇ ತಾರೀಕು ಏನೂ ಆಗಲಿಲ್ಲ. ಟೀಚರಮ್ಮನಿಗೆ ಹೊಟ್ಟೆಗೆ ನಳಿಕೆ ಹಾಕಿ ಅದರಲ್ಲೇ ಆಹಾರ ಕೊಡುತ್ತಿದ್ದಾರೆ. ಗಡ್ಡೆಗೆ ಮೊದಲು ಬೇರೆ ಚಿಕಿತ್ಸೆ, ಆಪರೇಷನ್ ಆಮೇಲೆ ಅಂತ ನಿರ್ಧಾರವಾಗಿದೆ.

ನಿನ್ನ ಕಾಗದ ಬಂದ ದಿನ ಅದನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ ಇಡೀ ವಾರ್ಡು ಸುತ್ತಿದೆ. ಐದನೇ ಉತ್ತರವನ್ನು ಮಡಚಿ ಒಳಗಿಟ್ಟು, ಉಳಿದ ನಾಲ್ಕನ್ನು ದೊಡ್ಡ ಡಾಕ್ಟರಿಗೆ ತೋರಿಸಿದೆ.

"ನಾಲ್ಕು ತುಂಡು ಬ್ರೆಡ್ಡಿಗೆ ಒಂದು ವರ್ಷದ ಕೆಲಸ ಬಿಸಾಡ್ತೀಯೇನಮ್ಮಾ? ಯಾರಿಗೆ ಗೊತ್ತಾಗುತ್ತೆ?" ಅಂದರು.

"ನಂಗೆ ಗೊತ್ತಾಗಿದೆ ಸರ್. ನಮ್ಮಪ್ಪಂಗೆ ಗೊತ್ತಿದೆ."

"ನಿಮ್ಮಪ್ಪ ಬೋನು ಕಾಯೋರಲ್ವಾ?"

"ಹೌದು ಸರ್. ತಾರೀಕು ಹಾಕಿ, ಸಹಿ ಮಾಡಿ ಬರೆದಿದಾರೆ. ನಿಮ್ಮದೇ ನಿಯಮ."

ಆಮೇಲೆ ಅವರು ಎರಡು ವಾರ ನನ್ನ ಜೊತೆ ಮಾತಾಡಲಿಲ್ಲ. ಸಮ್ಮೇಳನದಲ್ಲಿ ನನ್ನ ಜಾಗಕ್ಕೆ ಇನ್ನೊಬ್ಬ ಶಿಷ್ಯ ಹೋಗುತ್ತಾನೆ, ಅವನ ಮೂತ್ರಪಿಂಡದ ಕೆಲಸದ ಮೇಲೆ. ನನಗೆ ಎಂಟು ವಾರ ರಜೆ ಸಿಕ್ಕಿದೆ. ರಜೆ ಅನ್ನುವುದಕ್ಕಿಂತ, ಕಣ್ಣೆದುರಿಂದ ದೂರ ಇರು ಅಂತ.

ಇಪ್ಪತ್ತಕ್ಕೆ ಬರುತ್ತೇನೆ. ಹನ್ನೆರಡು ನಾಯಿ ಸಿದ್ಧವಿರಲಿ. ಆರಕ್ಕೆ ಒಂದು ಪದರ, ಬ್ರೆಡ್ಡಿಲ್ಲ. ಆರಕ್ಕೆ ಎರಡು ಪದರ, ಎರಡನೇ ದಿನದಿಂದ ಬ್ರೆಡ್ಡು. ಮೊದಲ ಸಲ ಮಾಡದೆ ಉಳಿದ ಎರಡು ಜೋಡಿ ಇವೇ. ಸಾಲು ಬೇಡ, ಕಲಸಿ ಇಡು. ಬ್ರೆಡ್ಡನ್ನು ತೂಗಿ ಕೊಡಬೇಕು, ನೀನೇ ಕೊಡಬೇಕು. ಬ್ರೆಡ್ಡಿಲ್ಲದ ಆರನ್ನು ನೀರಕ್ಕ ನೋಡಿಕೊಳ್ಳಲಿ, ನೀನು ಅವುಗಳ ತಂಟೆಗೆ ಹೋಗಬೇಡ. ಮಧ್ಯಾಹ್ನದ ಡಬ್ಬಿ ಹೊರಗೆ, ಕಾರಿಡಾರಿನಲ್ಲಿ.

ಐದನೇ ಉತ್ತರಕ್ಕೆ ನನ್ನ ಹತ್ತಿರ ಈಗ ಏನೂ ಇಲ್ಲ. ಬಂದ ಮೇಲೂ ಅದನ್ನು ಎತ್ತಬೇಡ. ದಯವಿಟ್ಟು.

ಮಗಳು


ಏಪ್ರಿಲ್ 30

ಅಪ್ಪಾ,

ಹನ್ನೆರಡೂ ನಾಯಿಗಳ ಮೂರು ತಿಂಗಳ ಎಕ್ಸ್‌ರೇ ನೋಡಿ ಮುಗಿಸಿದೆ. ಬ್ರೆಡ್ಡಿಲ್ಲದ ಒಂದು ಪದರದ ಆರರಲ್ಲಿ ಒಂದು ಸೋರಿತ್ತು. ಬ್ರೆಡ್ಡು ತಿಂದ ಎರಡು ಪದರದ ಆರರಲ್ಲೂ ಒಂದು. ಕಿರಿದಾದದ್ದು ಎರಡೂ ಕಡೆ ಎರಡೆರಡು.

ಹಳೆಯದು ಹೊಸದು ಕೂಡಿಸಿದರೆ: ಒಂದು ಪದರದ ಹದಿನೆಂಟರಲ್ಲಿ ಸೋರಿದ್ದು ಎರಡು, ಎರಡು ಪದರದ ಹದಿನೆಂಟರಲ್ಲಿ ನಾಲ್ಕು. ಹೊಲಿಗೆ ಬಿಟ್ಟು ಬ್ರೆಡ್ಡಿನ ಪ್ರಕಾರ ಕೂಡಿಸು: ತಿಂದ ಹದಿನೆಂಟರಲ್ಲಿ ಎರಡು, ತಿನ್ನದ ಹದಿನೆಂಟರಲ್ಲಿ ನಾಲ್ಕು. ಅದೇ ಎರಡು, ಅದೇ ನಾಲ್ಕು. ಯಾವುದು ಕಾರಣ ಅಂತ ಹೇಳಲಾಗುವುದಿಲ್ಲ. ಎರಡೂ ಅಲ್ಲದೆಯೂ ಇರಬಹುದು. ಇಷ್ಟು ಸಣ್ಣ ಅಂತರ ಸುಮ್ಮನೆಯೂ ಬರುತ್ತದೆ. ಹೇಳಬಹುದಾದದ್ದು ಒಂದೇ: ಬ್ರೆಡ್ಡಿನಿಂದ ಕೆಡುಕಾದ ಗುರುತು ಸಿಗಲಿಲ್ಲ. ಹಾಗೆಂದೇ ಬರೆದು ಕೊಟ್ಟಿದ್ದೇನೆ. ಎರಡೂವರೆ ಪುಟ. ದೊಡ್ಡ ಡಾಕ್ಟರು ಓದಿ, "ಗೆದ್ದೋರೇ ಇಲ್ವಲ್ಲಮ್ಮ ಇದ್ರಲ್ಲಿ" ಅಂದರು. ಆದರೂ ಸಹಿ ಹಾಕಿದರು.

ಟೀಚರಮ್ಮನಿಗೆ ಮಾರ್ಚಿನಲ್ಲಿ ಆಪರೇಷನ್ ಆಯಿತು. ಮೂರನೇ ದಿನ ಕೇಳಿಕೊಂಡು ಕೇಳಿಕೊಂಡು ದೊಡ್ಡ ಡಾಕ್ಟರನ್ನು ಒಪ್ಪಿಸಿ, ಚಮಚದಲ್ಲಿ ತೆಳ್ಳಗಿನ ಗಂಜಿ ಕೊಟ್ಟೆ. ಆರು ಚಮಚ. ಏಳನೆಯದಕ್ಕೆ ಬಾಯಿ ತೆರೆದರು, ನಾಳೆ ಅಂದೆ. ಹೋದ ವಾರ ಮನೆಗೆ ಹೋದರು, ನಡೆದುಕೊಂಡೇ.

ಇನ್ನು ನಿನ್ನ ಐದನೇ ಉತ್ತರ.

ಎಂಟು ವಾರ ಒಂದೇ ಮನೆಯಲ್ಲಿದ್ದೆವು. ಒಂದೇ ಮೇಜಿನಲ್ಲಿ ಉಂಡೆವು. ದಿನವೂ ನಾನು ಬಾಯಿ ತೆರೆಯುತ್ತಿದ್ದೆ, ನೀನು "ಉಪ್ಪು ಬೇಕಾ?" ಅನ್ನುತ್ತಿದ್ದೆ. ಬೇಕೆಂದೇ ಅನ್ನುತ್ತಿದ್ದೆ, ನನಗೆ ಗೊತ್ತು. ಎತ್ತಬೇಡ ಅಂದವಳು ನಾನೇ. ಕಾಗದದಲ್ಲಿ ಮಾತ್ರ ಹೇಳಲು ಬರುತ್ತದೆ ನನಗೆ, ನಿನ್ನ ಹಾಗೇ.

ತಪ್ಪು ಹೊಲಿಗೆಯದು ಅಂತ ಬರೆದಿದ್ದೆನಲ್ಲ, ಅದನ್ನು ಹೊಡೆದುಹಾಕು. ಅಮ್ಮ ಯಾಕೆ ಹೋದಳು ಅಂತ ಮೂವತ್ತಾರು ನಾಯಿ ಕತ್ತರಿಸಿಯೂ ನನಗೆ ಗೊತ್ತಾಗಲಿಲ್ಲ. ಲೋಟ ಕೊಟ್ಟಿದ್ದರೆ ಉಳಿಯುತ್ತಿದ್ದಳು ಅಂತಲ್ಲ. ಆದರೆ ಲೋಟ ಕೊಟ್ಟಿದ್ದರೆ ಅದರಿಂದ ಸಾಯುತ್ತಿರಲಿಲ್ಲ. ನಿನ್ನಿಂದ ಸಾಯುತ್ತಿರಲಿಲ್ಲ. ಆ ಮಾತು ನಾನು ಆಡಬಾರದಿತ್ತು. ಅಮ್ಮನಿಗೆ ಆ ನಾಲ್ಕು ತುತ್ತು ಸಿಗಬೇಕಿತ್ತು, ನಿನ್ನ ಕೈಯಿಂದ. ಸುರಿದವಳು ನಾನು.

ಇದನ್ನು ಓದಿದ ಮೇಲೆ ನೀನು ಏನೂ ಬರೆಯದಿದ್ದರೂ ನನಗೆ ಅರ್ಥವಾಗುತ್ತದೆ. ಆದರೆ ಬರೆ.

ನಿನ್ನ ಮಗಳು


ಮೇ 9

ಮಗಳೇ,

ಈ ಸಲ ಪಟ್ಟಿ ಇಲ್ಲ. ಕೊನೆಯ ಬೋನೂ ಮಂಗಳವಾರ ಖಾಲಿಯಾಯಿತು. ತೂಗಲು ಯಾರೂ ಇಲ್ಲದೆ ಬರೆಯುತ್ತಿರುವ ಮೊದಲ ಕಾಗದ ಇದು. ಮೇಜಿನ ಮುಂದೆ ಪೆನ್ನು ಹಿಡಿದು ಕೂತೆ. ನೀರಕ್ಕ ನೋಡಿ, "ನಾಯಿ ಮುಗೀತು, ಈಗೇನು ಬರೀತೀರಿ ನೋಡೋಣ" ಅಂತ ಪೈಪು ಹಿಡಿದು ಅಲ್ಲೇ ನಿಂತಿದ್ದಳು. ಸುಮ್ಮನೆ ನೀರು ಪೋಲು.

ಐದನೇ ಉತ್ತರಕ್ಕೆ ನೀನು ಬರೆದದ್ದನ್ನು ಓದಿದೆ. ನಿನಗೆ ಆಗ ಇಪ್ಪತ್ತು ವರ್ಷ. ಬಾಗಿಲಲ್ಲಿ ನಿಂತಿದ್ದಾಗ ನಿನ್ನ ಕಾಲು ನಡುಗುತ್ತಿತ್ತು. ಅದನ್ನೂ ನಾನು ನೋಡಿದ್ದೆ. ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಅವಳಿದ್ದಿದ್ದರೆ ಇಬ್ಬರಿಗೂ ಬೈದು, ಮೊದಲು ಊಟ ಮಾಡಿ ಅನ್ನುತ್ತಿದ್ದಳು. ಎರಡು ಸಲ ಬಡಿಸುತ್ತಿದ್ದಳು.

ಜುಲೈಯಲ್ಲಿ ನನಗೆ ಹತ್ತು ದಿನ ರಜೆ ಬಾಕಿ ಇದೆ. ಕೆಲಸಕ್ಕೆ ಸೇರಿದ ಮೇಲೆ ರಜೆ ಹಾಕಿ ಎಲ್ಲಿಗೂ ಹೋದವನಲ್ಲ. ನಿನ್ನ ಆಸ್ಪತ್ರೆಗೆ ಯಾವ ಬಸ್ಸು, ಎಲ್ಲಿ ಇಳಿಯಬೇಕು ಬರೆ. ಬೇಡ ಅನ್ನುವುದಾದರೆ ಅದನ್ನೂ ಬರೆ, ಆದರೆ ಕಾರಣ ಸಂಖ್ಯೆವಾರು ಕೊಡತಕ್ಕದ್ದು.

ಪ್ರಯೋಗ ಮುಗಿಯಿತು. ಯಾರಿಗೆ ಏನು ಸಿಕ್ಕಿತು ಅಂತ ಬರೆದಿಡುತ್ತೇನೆ.

ದೊಡ್ಡ ಡಾಕ್ಟರಿಗೆ ಎರಡೂವರೆ ಪುಟ. ಇನ್ನೊಬ್ಬ ಶಿಷ್ಯನಿಗೆ ಸಮ್ಮೇಳನ. ಟೀಚರಿಗೆ ಆರು ಚಮಚ, ಆಮೇಲೆ ಮನೆ. ನೀರಕ್ಕನಿಗೆ, ತನ್ನ ಸಾಲು ಫೇಲಾಗಿರಲಿಲ್ಲ ಎಂಬ ಸಮಾಧಾನ. ಮೂವತ್ತಾರು ನಾಯಿಗಳಲ್ಲಿ ಹದಿನೆಂಟಕ್ಕೆ ನಾಲ್ಕು ದಿನ ಬ್ರೆಡ್ಡು, ಹದಿನೆಂಟಕ್ಕೆ ಅದೂ ಇಲ್ಲ. ನಿನ್ನ ಅಮ್ಮನಿಗೆ ಏನೂ ಇಲ್ಲ. ನಿನಗೆ ಉತ್ತರ ಸಿಗಲಿಲ್ಲ, ನಿದ್ದೆ ಬರುತ್ತಿದೆಯೋ ಗೊತ್ತಿಲ್ಲ. ನನಗೆ ಎಂಟು ವಾರ, ಎರಡು ಹೊತ್ತಿನಂತೆ, ನೂರ ಹನ್ನೆರಡು ಸಲ ನೀನು ಎದುರಿಗೆ ಕೂತು ಉಂಡದ್ದು.

ಅಪ್ಪ